ಓದುಗರ ಪ್ರಶ್ನೆಗಳಿಗೆ ಉತ್ತರ: ಸರ್ಗೋಧಾಕ್ಕೆ ಹೋದ ದೇವಯ್ಯ

ಕಳೆದ ಸಂಚಿಕೆಯಲ್ಲಿ ಕೊಡಗಿನ ಸೈನಿಕ ಪರಂಪರೆಯನ್ನು ಕುರಿತು ಬರೆಯುವಾಗ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಸಾಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಬರಹಕ್ಕೆ ಬರಲಿಲ್ಲ. ಹೆಚ್ಚಿನವು ಉಡುಪಿ ಮತ್ತು ಮಂಗಳೂರು ಕಡೆಯಿಂದ ಬಂದಿವೆ. ಘಟ್ಟದ ಮೇಲಿನ ನೆರೆಯವರ ಕಥೆಯೆಂಬ ಅಕ್ಕರೆಯೂ ಅದಕ್ಕೆ ಕಾರಣವಿರಬಹುದು. ಒಂದೇ ಬಗೆಯ ಪತ್ರಗಳನ್ನು ಸೇರಿಸಿ, ಈ ಬಾರಿಯ ಅಂಕಣವನ್ನು ಅವರೊಬ್ಬರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಮಾನ್ಯರೇ, ಈಚೆಗೆ ಬಂದ ಹಿಂದಿ ಚಲನಚಿತ್ರವೊಂದನ್ನು ನೋಡಿ ಬಂದ ನನ್ನ ಮೊಮ್ಮಗ, ಕೊಡಗಿನ ಪೈಲಟ್ ಒಬ್ಬರು ತಮ್ಮ ವಿಮಾನಕ್ಕಿಂತ ಎರಡು ಪಟ್ಟು ವೇಗದ ಶತ್ರು ವಿಮಾನವನ್ನು ಒಬ್ಬರೇ ಹೊಡೆದುರುಳಿಸಿದರೆಂದು ಮನೆಯವರೊಂದಿಗೆಲ್ಲ ವಾದಿಸುತ್ತಿದ್ದಾನೆ. 1965ರಲ್ಲಿ ನಾನು ಕಾಲೇಜು ವಿದ್ಯಾರ್ಥಿ. ಯುದ್ಧದ ದಿನಗಳಲ್ಲಿ ರೇಡಿಯೋ ವಾರ್ತೆಯನ್ನು ಒಂದು ಹೊತ್ತೂ ತಪ್ಪಿಸಿದವನಲ್ಲ. ಆ ಹೆಸರು ಆಗ ಕಿವಿಗೆ ಬಿದ್ದ ನೆನಪಿಲ್ಲ. ಇದರಲ್ಲಿ ನಿಜವೆಷ್ಟು, ಸಿನಿಮಾ ಎಷ್ಟು? (ನಿವೃತ್ತ ಅಧ್ಯಾಪಕರು, ಉಡುಪಿ)

ಉತ್ತರ: ನಿಮ್ಮ ಮೊಮ್ಮಗ ಹೇಳಿದ್ದರ ತಿರುಳು ನಿಜ. ನೀವು ಆ ಹೆಸರನ್ನು ಕೇಳಿರಲಿಲ್ಲ ಎಂಬುದೂ ಅಷ್ಟೇ ಸಹಜ, ಏಕೆಂದರೆ ಆ ಕಾಳಗದ ಸಂಗತಿ 1965ರಲ್ಲಿ ಭಾರತದ ಯಾರಿಗೂ, ಸ್ವತಃ ವಾಯುಪಡೆಗೂ, ಗೊತ್ತಿರಲಿಲ್ಲ. ಸಿನಿಮಾ ಮಾಡಿದವರು ನಾಯಕನ ಹೆಸರನ್ನೇ ಬದಲಿಸಿಕೊಂಡಿರುವುದರಿಂದ ಅದನ್ನು ಬದಿಗಿಟ್ಟು, ನಡೆದದ್ದನ್ನಷ್ಟೇ ನೋಡೋಣ.

ದೇವಯ್ಯನವರು ಕೊಡಗಿನಲ್ಲಿ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. ಭಾರತೀಯ ವಾಯುಪಡೆ ಅಸ್ತಿತ್ವಕ್ಕೆ ಬಂದದ್ದು ಅದೇ ವರ್ಷದ ಅಕ್ಟೋಬರ್ 8ರಂದು. ಹಾಗೆ ನೋಡಿದರೆ ಪಡೆಯೂ ಪೈಲಟ್ಟೂ ಓರಗೆಯವರು. (ಹೆಸರಿನ ಬಗ್ಗೆ ಒಂದು ಮಾತು: ಅಜ್ಜಮಾಡ ಎಂಬುದು ಅವರ ಒಕ್ಕದ, ಅಂದರೆ ಮನೆತನದ ಹೆಸರು, ಬೋಪಯ್ಯ ತಂದೆಯ ಹೆಸರು, ದೇವಯ್ಯ ಎಂಬುದೇ ಅವರ ಸ್ವಂತ ಹೆಸರು. ‘ಅಜ್ಜಮಾಡರು’ ಎಂದು ಬರೆದು ಒಬ್ಬರನ್ನೇ ಸೂಚಿಸಿದೆವೆಂದುಕೊಳ್ಳುವ ಪತ್ರಿಕೆಗಳು ಇಡೀ ಮನೆತನವನ್ನೇ ಸೂಚಿಸಿಬಿಡುತ್ತವೆ.) 1954ರಲ್ಲಿ ಅಧಿಕಾರಿಯಾಗಿ ಸೇರಿದ ಅವರು, ಹನ್ನೊಂದು ವರ್ಷಗಳ ಬಳಿಕ ಯುದ್ಧ ಆರಂಭವಾದಾಗ ವಾಯುಪಡೆಯ ಹಾರಾಟ ಕಾಲೇಜಿನಲ್ಲಿ ಬೋಧಕರಾಗಿದ್ದರು. ಬೋಧಕರೆಂದ ಮಾತ್ರಕ್ಕೆ ಕಾಳಗಕ್ಕೆ ದೂರವಾದವರೆಂದು ತಿಳಿಯಬಾರದು. ಕಲಿಯುವವನ ಕೈತಪ್ಪನ್ನು ಆಕಾಶದಲ್ಲಿ ಕ್ಷಣಮಾತ್ರದಲ್ಲಿ ತಿದ್ದಬೇಕಾದವರು, ವಿಮಾನ ಯಾವ ಹಂತದವರೆಗೆ ಮಾತು ಕೇಳುತ್ತದೆ, ಎಲ್ಲಿಂದಾಚೆಗೆ ಕೇಳುವುದಿಲ್ಲ ಎಂಬುದನ್ನು ಪುಸ್ತಕಕ್ಕಿಂತ ಹೆಚ್ಚಾಗಿ ಮೈಯಿಂದ ಬಲ್ಲವರು ಅವರೇ. ಮುಂದೆ ನಡೆದದ್ದನ್ನು ಓದುವಾಗ ಇದು ನೆನಪಿರಲಿ.

ಅಲ್ಲಿಂದ ಅವರನ್ನು ‘ಟೈಗರ್ಸ್’ ಎಂದು ಕರೆಯಲಾಗುವ ಒಂದನೇ ಸ್ಕ್ವಾಡ್ರನ್‌ಗೆ ಕಳುಹಿಸಲಾಯಿತು. ಅದು ವಾಯುಪಡೆಯ ಮೊತ್ತಮೊದಲ ದಳ. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡ್‌ನಲ್ಲಿ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಹುಟ್ಟಿದ್ದು. ದೇಶ ವಿಭಜನೆಯಾದ ಮೇಲೆ ದಳದ ಹುಟ್ಟೂರು ಗಡಿಯಾಚೆ ಉಳಿಯಿತು. 1965ರಲ್ಲಿ ಅದೇ ದಳ ಪಂಜಾಬಿನ ಆದಂಪುರದಿಂದ ಗಡಿಯಾಚೆಗೆ ದಾಳಿಗೆ ಹೊರಟಾಗ ಅದರ ಕೈಯಲ್ಲಿದ್ದದ್ದು ಫ್ರಾನ್ಸಿನ ದಾಸೋ ಕಂಪನಿಯ ಮಿಸ್ಟೇರ್ ವಿಮಾನ.

ಸೆಪ್ಟೆಂಬರ್ 6ರಂದು ನಮ್ಮ ಭೂಸೇನೆ ಲಾಹೋರ್ ದಿಕ್ಕಿನಲ್ಲಿ ಗಡಿ ದಾಟಿತು. ಅಂದೇ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆರಗಿ, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟುಹಾಕಿದವು. ಅದೇ ರಾತ್ರಿ ಪಠಾಣ್‌ಕೋಟ್, ಹಲ್ವಾರಾ ಮತ್ತು ಆದಂಪುರ ನೆಲೆಗಳ ಸುತ್ತ ಪಾಕಿಸ್ತಾನಿ ಕಮಾಂಡೋಗಳು ಪ್ಯಾರಾಚೂಟ್ ಮೂಲಕ ಇಳಿದರು. ಆದಂಪುರದ ಪೈಲಟ್‌ಗಳು ಬೆಳಗಾಗುವ ಮುನ್ನ ಹಾರಬೇಕಾಗಿದ್ದದ್ದು ಅಂಥ ರಾತ್ರಿಯೊಂದನ್ನು ಕಳೆದು. ಗುರಿ ಪಾಕಿಸ್ತಾನ ವಾಯುಪಡೆಯ ಅತಿ ಬಲಿಷ್ಠ ನೆಲೆಯಾದ ಸರ್ಗೋಧಾ. ನೆಲಮಟ್ಟಕ್ಕೆ ಹತ್ತಿರವಾಗಿ ಹಾರಿದರೆ ಇಂಧನ ಹೆಚ್ಚು ಉರಿಯುವುದರಿಂದ, ಮಿಸ್ಟೇರ್‌ಗೆ ಆ ಊರು ಹೋಗಿ ಬರುವ ಅಳತೆಯ ತೀರಾ ಅಂಚಿನಲ್ಲಿತ್ತು. ದಾರಿಯಲ್ಲಿ ಕಾಳಗಕ್ಕೆ ನಿಂತವನಿಗೆ ಮರಳಲು ಎಣ್ಣೆ ಉಳಿಯುವ ಭರವಸೆ ಇರಲಿಲ್ಲ.

ಸೆಪ್ಟೆಂಬರ್ 7ರ ಮುಂಜಾವಿನಲ್ಲಿ ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ಮುಂದಾಳತ್ವದಲ್ಲಿ ಹೊರಟ ದಾಳಿಗೆ 12 ವಿಮಾನಗಳನ್ನು ಗೊತ್ತುಮಾಡಲಾಗಿತ್ತು. ದೇವಯ್ಯನವರು ಆ ಹನ್ನೆರಡರಲ್ಲಿ ಇರಲಿಲ್ಲ. ಯಾವುದಾದರೂ ವಿಮಾನ ಕೆಟ್ಟು ನಿಂತರೆ ಅದರ ಜಾಗಕ್ಕೆಂದು ಇಟ್ಟುಕೊಂಡ ಮೀಸಲು ಪೈಲಟ್ ಅವರು. ಕೊನೆಗೆ ದಾಳಿಯ ಜೊತೆ ಅವರೂ ಹೋದರು, ಹಿಂದಿರುಗಲಿಲ್ಲ. ಆದಂಪುರದಲ್ಲಿ ಇಳಿದವರಿಗೆ ತಿಳಿದಿದ್ದದ್ದು ಇಷ್ಟೇ. ದಾಖಲೆಯಲ್ಲಿ ಮೊದಲು ‘ಕಾಣೆಯಾಗಿದ್ದಾರೆ’ ಎಂದು ಬರೆದು, ಆಮೇಲೆ ‘ಮೃತರು’ ಎಂದು ತಿದ್ದಲಾಯಿತು. ಯುದ್ಧಕಾಲದ ಅವರ ಸೇವೆಯಲ್ಲಿ ನಮಗೆ ವಿವರವಾಗಿ ಗೊತ್ತಿರುವುದು ಈ ಒಂದು ಬೆಳಗು. ಅದರ ಮುಖ್ಯ ಭಾಗವನ್ನು ನಮಗೆ ತಿಳಿಸಿದವರು ಅವರ ಎದುರಾಳಿ ಪಕ್ಷದವರು.

ಆ ಎದುರಾಳಿಯ ಹೆಸರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್; ಹಾರಿಸುತ್ತಿದ್ದದ್ದು ಅಮೆರಿಕದ ಎಫ್-104 ಸ್ಟಾರ್‌ಫೈಟರ್. ಮಿಸ್ಟೇರ್‌ಗಳನ್ನು ತಡೆಯಲು ಬಂದ ಅವರು ದೇವಯ್ಯನವರ ಬೆನ್ನು ಹತ್ತಿದರು. ದೇವಯ್ಯನವರು ಮೊದಲ ಏಟನ್ನು ತಪ್ಪಿಸಿಕೊಂಡರೂ, ವೇಗದಲ್ಲಿ ಮೇಲಾದ ಸ್ಟಾರ್‌ಫೈಟರ್ ಮತ್ತೆ ಬೆನ್ನಿಗೆ ಬಂದು ಅವರ ವಿಮಾನಕ್ಕೆ ಗುಂಡು ತಗಲಿಸಿತು. ಇದರ ಕೆಲಸ ಮುಗಿಯಿತೆಂದು ಅಮ್ಜದ್ ಭಾವಿಸಿದರು. ಮುಗಿದಿರಲಿಲ್ಲ. ಏಟು ತಿಂದ ಅದೇ ಮಿಸ್ಟೇರ್ ತಿರುಗಿ ಬಂದು ಸ್ಟಾರ್‌ಫೈಟರ್‌ಗೆ ಗುಂಡು ಹೊಡೆಯಿತು. ವಿಮಾನ ಹಿಡಿತ ತಪ್ಪಿ ಬೀಳತೊಡಗಿದಾಗ ಅಮ್ಜದ್ ಆಸನ ಸಮೇತ ಹೊರಚಿಮ್ಮಿ ಜೀವ ಉಳಿಸಿಕೊಂಡರು. ದೇವಯ್ಯನವರು ಉಳಿಯಲಿಲ್ಲ.

ಪ್ರಶ್ನೆ: ನಾನು ಎನ್‌ಸಿಸಿ ವಾಯುದಳದ ಕೆಡೆಟ್. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ ವಿಮಾನ, ಮಿಸ್ಟೇರ್ ಶಬ್ದದ ವೇಗವನ್ನೂ ಮುಟ್ಟದ ವಿಮಾನ ಎಂದು ಓದಿದ್ದೇನೆ. ಹಾಗಿದ್ದರೆ ಹಿಂದಿದ್ದವರು ಮುಂದಿದ್ದವರನ್ನು ಹಿಡಿದದ್ದಾದರೂ ಹೇಗೆ? ದಯವಿಟ್ಟು ಲೆಕ್ಕ ಸಮೇತ ತಿಳಿಸಿ. (ವಿದ್ಯಾರ್ಥಿನಿ, ಮಂಗಳೂರು)

ಉತ್ತರ: ಲೆಕ್ಕ ಕೇಳಿದ್ದಕ್ಕೆ ಸಂತೋಷ. ಮೊದಲು ಒಂದು ತಿದ್ದುಪಡಿ: ಎರಡು ಪಟ್ಟು ಎಂಬ ಆ ವೇಗ ಗಾಳಿ ತೆಳುವಾಗಿರುವ ಬಹು ಎತ್ತರದ ಮಾತು. ಮರದ ತುದಿಗಳ ಸಮೀಪ ದಟ್ಟ ಗಾಳಿಯಲ್ಲಿ ಸ್ಟಾರ್‌ಫೈಟರ್ ಕೂಡ ಅಷ್ಟು ವೇಗವಾಗಿ ಹಾರಲಾರದು. ನೆಲದ ಸಮೀಪದಲ್ಲಿ ಗಂಟೆಗೆ ಸುಮಾರು 1,100 ಕಿಲೋಮೀಟರ್ ಓಡಬಲ್ಲ ಮಿಸ್ಟೇರ್‌ಗೂ ಅದಕ್ಕೂ ಇರುವ ಅಂತರ ಅಲ್ಲಿ ಬಹಳಷ್ಟು ಕಿರಿದಾಗುತ್ತದೆ. ಅದಕ್ಕೂ ಮುಖ್ಯವಾದದ್ದು ತಿರುವು.

ಕಂಬಳದ ಗದ್ದೆಯನ್ನು ನೆನಪಿಸಿಕೊಳ್ಳಿ. ಮಂಜೊಟ್ಟಿಯತ್ತ ನೇರಕ್ಕೆ ಧಾವಿಸುವ ಕೋಣಗಳ ಜೋಡಿಯನ್ನು ನಡುಗದ್ದೆಯಲ್ಲಿ ಹಿಂದಕ್ಕೆ ತಿರುಗಿಸಲು ಯಾರಿಂದಲೂ ಆಗದು. ಅದೇ ಕೋಣಗಳು ನಡೆಯುತ್ತಿದ್ದರೆ ಚಿಕ್ಕ ಹುಡುಗನೂ ಹಗ್ಗ ಹಿಡಿದು ತಿರುಗಿಸಬಲ್ಲ. ವಿಮಾನದ ವಿಷಯದಲ್ಲಿ ಇದು ಇನ್ನೂ ಕಟ್ಟುನಿಟ್ಟು. ದೇಹ ಮತ್ತು ರೆಕ್ಕೆ ತಾಳುವ ಒತ್ತಡ ಒಂದೇ ಎಂದಿಟ್ಟುಕೊಂಡರೆ, ತಿರುವಿನ ತ್ರಿಜ್ಯ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ವೇಗ ಇಮ್ಮಡಿಯಾದರೆ ತಿರುವು ನಾಲ್ಕು ಪಟ್ಟು ಅಗಲವಾಗುತ್ತದೆ. ಗುರುತ್ವದ ಐದು ಪಟ್ಟು ಒತ್ತಡದಲ್ಲಿ ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ನೆಲಕ್ಕೆ ಸಮಾನಾಂತರವಾಗಿ ತಿರುಗುವ ವಿಮಾನಕ್ಕೆ ಸುಮಾರು 1,300 ಮೀಟರ್ ತ್ರಿಜ್ಯ ಬೇಕು. 540 ಕಿಲೋಮೀಟರ್ ವೇಗದಲ್ಲಿದ್ದರೆ 470 ಮೀಟರ್ ಸಾಕು. ನಿಮ್ಮ ಭೌತಶಾಸ್ತ್ರದ ಅಧ್ಯಾಪಕರೊಂದಿಗೆ ಕುಳಿತು ಇದನ್ನು ಬಿಡಿಸಿ ನೋಡಬಹುದು.

ಹಾಗಾದರೆ ಸ್ಟಾರ್‌ಫೈಟರ್ ಕೂಡ ವೇಗ ಇಳಿಸಿ ತಿರುಗಬಹುದಲ್ಲ ಎಂದು ನೀವು ಕೇಳಬಹುದು. ಅದಕ್ಕೆ ಅಡ್ಡ ಬರುವುದು ಅದರ ರೆಕ್ಕೆ. ಅತಿ ವೇಗಕ್ಕಾಗಿಯೇ ತೀರ ಮೊಟಕಾಗಿ, ತೆಳುವಾಗಿ ಮಾಡಿದ ಆ ರೆಕ್ಕೆಗಳ ಒಟ್ಟು ವಿಸ್ತೀರ್ಣ ಸುಮಾರು 18 ಚದರ ಮೀಟರ್, ಮಿಸ್ಟೇರ್‌ನದು 32. ಭಾರ ಹೊರಲು ಸಣ್ಣ ರೆಕ್ಕೆಯಿರುವ ವಿಮಾನ ನಿಧಾನವಾದಷ್ಟೂ ಬಿಗಿಯಾಗಿ ತಿರುಗಲಾರದು. ಬಲವಂತ ಮಾಡಿದರೆ ಗಾಳಿ ಕೈಕೊಟ್ಟು ಬೀಳುತ್ತದೆ. ಆದುದರಿಂದ ಸ್ಟಾರ್‌ಫೈಟರ್ ಪೈಲಟ್‌ಗೆ ಕ್ಷೇಮವಾದ ದಾರಿಯೆಂದರೆ ಹೊಡೆದು, ಅದೇ ಬಿರುಸಿನಲ್ಲಿ ದೂರ ಸಾಗಿ, ಮತ್ತೆ ಬರುವುದು. ತಿರುಗಾಟದ ಕಾಳಗಕ್ಕೆ ಇಳಿದರೆ ಆಟ ಎದುರಾಳಿಯ ಅಂಗಳಕ್ಕೆ ಬಂದಂತೆ. ಇನ್ನು ಆಯುಧ: ಮಿಸ್ಟೇರ್‌ನ ಮೂತಿಯಲ್ಲಿ 30 ಮಿಲಿಮೀಟರ್ ಅಳತೆಯ ಎರಡು ಗನ್‌ಗಳಿದ್ದವು, ಅಂಥ ಗುಂಡು ಸರಿಯಾದ ಜಾಗಕ್ಕೆ ನಾಲ್ಕೈದು ತಗುಲಿದರೂ ಯಾವ ಯುದ್ಧವಿಮಾನವೂ ಉಳಿಯುವುದು ಕಷ್ಟ.

ಇಷ್ಟು ಹೇಳಿದ ಮೇಲೂ ಒಂದು ಉಳಿಯುತ್ತದೆ. ತಿರುವಿನ ಅನುಕೂಲ ಏಟು ತಿನ್ನದ ಮಿಸ್ಟೇರ್‌ಗೆ ಸಲ್ಲುವ ಲೆಕ್ಕ. ಗುಂಡು ತಗುಲಿದ ವಿಮಾನದಲ್ಲಿ, ಎಣ್ಣೆ ಮುಗಿಯುತ್ತಿರುವಾಗ, ಹಾಗೆ ತಿರುಗಿಸಿದ್ದು ಯಾವ ಸೂತ್ರದಲ್ಲೂ ಕೂರುವುದಿಲ್ಲ. ಬೋಧಕರಾಗಿದ್ದ ಅವರ ವರ್ಷಗಳನ್ನು ನೆನಪಿಡಲು ಮೇಲೆ ಹೇಳಿದ್ದು ಇದಕ್ಕಾಗಿಯೇ.

ಪ್ರಶ್ನೆ: ಸತ್ತು 23 ವರ್ಷಗಳಾದ ಮೇಲೆ ಮಹಾವೀರ ಚಕ್ರ ಕೊಟ್ಟರೆಂದು ಓದಿ ಮನಸ್ಸಿಗೆ ಬೇಸರವಾಯಿತು. ನಮ್ಮ ಸರಕಾರಿ ಕಡತಗಳ ನಿಧಾನ ಬ್ಯಾಂಕಿನಲ್ಲಿ ಕೆಲಸ ಮಾಡಿದ ನನಗೆ ಹೊಸದಲ್ಲ, ಆದರೆ ಇದಕ್ಕೂ ಒಂದು ಮಿತಿ ಬೇಡವೇ? (ಓದುಗರು, ಸುರತ್ಕಲ್)

ಉತ್ತರ: ನಿಮ್ಮ ಬೇಸರ ನನ್ನದೂ ಹೌದು, ಆದರೆ ಅದನ್ನು 23 ವರ್ಷಗಳ ಮೇಲೂ ಸಮನಾಗಿ ಹರಡುವುದು ನ್ಯಾಯವಲ್ಲ. ಲೆಕ್ಕವನ್ನು ಎರಡು ಭಾಗ ಮಾಡೋಣ.

1965ರಿಂದ 1979ರವರೆಗಿನ 14 ವರ್ಷ ಭಾರತದ ಕೈಯಲ್ಲಿ ಏನೂ ಇರಲಿಲ್ಲ. ಆಕಾಶದ ಕಾಳಗದಲ್ಲಿ ಗೆಲುವನ್ನು ಸಾಬೀತುಪಡಿಸುವ ದಾರಿಗಳು ಕೆಲವೇ: ಗನ್ ಜೊತೆಗೆ ಓಡುವ ಕ್ಯಾಮೆರಾದ ಚಿತ್ರಸುರುಳಿ, ಜೊತೆಗಾರ ಪೈಲಟ್‌ನ ಸಾಕ್ಷ್ಯ, ನೆಲಕ್ಕೆ ಬಿದ್ದ ವಿಮಾನದ ಅವಶೇಷ, ಅಥವಾ ಎದುರಾಳಿಯ ನಷ್ಟದ ದಾಖಲೆ. ಇಲ್ಲಿ ಚಿತ್ರಸುರುಳಿ ಇದ್ದಿದ್ದರೂ ವಿಮಾನದೊಂದಿಗೇ ಹೋಯಿತು. ಜೊತೆಗಾರರು ಗುರಿ ಮುಗಿಸಿ ಮರಳುವ ದಾರಿಯಲ್ಲಿದ್ದರು. ಅವಶೇಷ ಶತ್ರುವಿನ ನೆಲದಲ್ಲಿತ್ತು. ಉಳಿದದ್ದು ಎದುರಾಳಿಯ ಬಾಯಿ. ಬ್ರಿಟಿಷ್ ವಿಮಾನಯಾನ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ಮಾಹಿತಿ ಪಡೆದು 1965ರ ವಾಯುಯುದ್ಧವನ್ನು ಕುರಿತು ಬರೆದ ಪುಸ್ತಕ 1979ರಲ್ಲಿ ಹೊರಬಂದಾಗಲೇ, ಒಂದು ಮಿಸ್ಟೇರ್ ತಿರುಗಿ ನಿಂತು ಸ್ಟಾರ್‌ಫೈಟರ್ ಅನ್ನು ಉರುಳಿಸಿದ ಸಂಗತಿ ಬೆಳಕಿಗೆ ಬಂತು. ಅಂದಿನ ದಾಳಿಯಲ್ಲಿ ಹಿಂದಿರುಗದ ಮಿಸ್ಟೇರ್ ಯಾರದೆಂದು ಭಾರತದ ಕಡೆ ನೋಡಿದರೆ ಹೆಸರು ತಾನಾಗಿ ಸಿಗುತ್ತಿತ್ತು.

ಈ ಬಗೆಯ ಸಾಕ್ಷ್ಯದ ತೂಕವನ್ನು ತಿಳಿಯಲು ಅದೇ ದಿನದ ಇನ್ನೊಂದು ಪ್ರಸಂಗ ಸಾಕು. ಅಂದು ಬೆಳಿಗ್ಗೆ ಸರ್ಗೋಧಾದ ಮೇಲೆ ಬಂದ ನಮ್ಮ ಹಂಟರ್ ವಿಮಾನಗಳಲ್ಲಿ ಐದನ್ನು ಒಂದೇ ಕಾಳಗದಲ್ಲಿ ಉರುಳಿಸಿದೆನೆಂದು ಪಾಕಿಸ್ತಾನದ ಎಂ. ಎಂ. ಆಲಂ ಹೇಳಿಕೊಂಡರು, ಅವರ ದೇಶ ಅದನ್ನು ಇಂದಿಗೂ ಕೊಂಡಾಡುತ್ತದೆ. ಐದು ಎಂಬ ಆ ಸಂಖ್ಯೆಯನ್ನು ಭಾರತ ಒಪ್ಪಿಲ್ಲ. ಸುಳ್ಳು ಹೇಳಿದರೆಂದು ನಾನು ಹೇಳುತ್ತಿಲ್ಲ. ಕೆಲವು ಕ್ಷಣಗಳ ಕಾಳಗದಲ್ಲಿ ಹೊಡೆದವನಿಗೇ ಎಷ್ಟು ತಗುಲಿತೆಂಬುದು ಸ್ಪಷ್ಟವಿರುವುದಿಲ್ಲ. ಒಂದು ಕಡೆ ಹೊಡೆದವರ ಮಾತು, ಹೊಡೆಸಿಕೊಂಡವರ ನಿರಾಕರಣೆ. ದೇವಯ್ಯನವರ ವಿಷಯದಲ್ಲಿ ಇದು ತಿರುವುಮುರುವು: ಹೊಡೆದವರು ಏನೂ ಹೇಳಲು ಉಳಿಯಲಿಲ್ಲ, ಹೊಡೆಸಿಕೊಂಡವರೇ ಒಪ್ಪಿಕೊಂಡರು. ನನ್ನ ಎಣಿಕೆಯಲ್ಲಿ ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯ ಬೇರೆಯಿಲ್ಲ.

ಬೇಸರ ಪಡಬೇಕಾದದ್ದು ಎರಡನೆಯ ಭಾಗದ ಬಗ್ಗೆ. ಪುಸ್ತಕ ಬಂದದ್ದು 1979ರಲ್ಲಿ, ಪ್ರಶಸ್ತಿ ಘೋಷಣೆಯಾದದ್ದು 1988ರಲ್ಲಿ. ನಡುವಿನ 9 ವರ್ಷಗಳಿಗೆ ಯಾವ ಸಮಾಧಾನವೂ ಸಾಲದು. ಅಷ್ಟರೊಳಗೆ ವಾಯುಪಡೆಯ ಇತಿಹಾಸ ಬರೆಯಲು ನಿಯುಕ್ತರಾದ ಅಧಿಕಾರಿಯೊಬ್ಬರು ಎಳೆಗಳನ್ನು ಜೋಡಿಸಿದರು; ದಾಳಿಯ ಮುಂದಾಳಾಗಿದ್ದ ತನೇಜಾ ಅವರು, ನಿವೃತ್ತಿಯ ನಂತರವೂ, ತಮ್ಮೊಂದಿಗೆ ಹಾರಿ ಮರಳದವರ ಪರವಾಗಿ ಸರಕಾರಕ್ಕೆ ಬರೆದರು. ಪತ್ರ ಬರೆಯಲು ಅವರಂಥವರು ಇರದಿದ್ದರೆ ಲೆಕ್ಕ 23ಕ್ಕೂ ನಿಲ್ಲುತ್ತಿರಲಿಲ್ಲ. ಮರಣೋತ್ತರ ಮಹಾವೀರ ಚಕ್ರವನ್ನು ಸ್ವೀಕರಿಸಿದವರು ಪತ್ನಿ ಸುಂದರಿ ದೇವಯ್ಯ.

ಪ್ರಶ್ನೆ: ಇಂಥ ಸಾಹಸಕ್ಕೆ ಪರಮವೀರ ಚಕ್ರವೇ ಸಲ್ಲಬೇಕಿತ್ತಲ್ಲವೇ? (ಓದುಗರು, ಕುಂದಾಪುರ)

ಉತ್ತರ: ಮಹಾವೀರ ಚಕ್ರ ಯುದ್ಧಶೌರ್ಯಕ್ಕೆ ಕೊಡುವ ಎರಡನೆಯ ಅತ್ಯುನ್ನತ ಪದಕ, ಕಡಿಮೆಯದೆಂಬ ಭಾವನೆ ಬೇಡ. 1965ರ ಯುದ್ಧದ ಪರಮವೀರ ಚಕ್ರಗಳು ಎರಡೇ, ಅಬ್ದುಲ್ ಹಮೀದ್ ಮತ್ತು ಎ. ಬಿ. ತಾರಾಪೋರ್ ಅವರದು, ಇಬ್ಬರೂ ಭೂಸೇನೆಯವರು. ವಾಯುಪಡೆಗೆ ಈವರೆಗೆ ಅದು ಸಂದದ್ದು ಒಮ್ಮೆ ಮಾತ್ರ: 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಕಾದಾಡಿ ಮಡಿದ ನಿರ್ಮಲ್‌ಜಿತ್ ಸಿಂಗ್ ಸೇಖೋನ್ ಅವರಿಗೆ. ಪದಕಗಳನ್ನು ತಕ್ಕಡಿಗೆ ಹಾಕುವ ಕೆಲಸ ನನಗೆ ರುಚಿಸದು.

ಪ್ರಶ್ನೆ: 1965ರಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕ ಕೊಡಗಿನ ಪೈಲಟ್ ಇವರೇ ಎಂದು ನಮ್ಮ ಮಾವನವರು ಹೇಳುತ್ತಾರೆ. ಹೌದೇ? (ಗೃಹಿಣಿ, ಮೂಡುಬಿದಿರೆ)

ಉತ್ತರ: ಅಲ್ಲ, ಆದರೆ ತಮ್ಮ ಮಾವನವರ ಗೊಂದಲಕ್ಕೆ ಕಾರಣವಿದೆ. ಸೆರೆಯಾದವರು ಕೆ. ಸಿ. ಕಾರ್ಯಪ್ಪ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಮಗ. ಅವರು ಹಾರಿಸುತ್ತಿದ್ದದ್ದು ಹಂಟರ್. ಯುದ್ಧ ನಿಲ್ಲುವ ಹೊಸ್ತಿಲಲ್ಲಿ, ಸೆಪ್ಟೆಂಬರ್ 22ರಂದು, ಅವರ ವಿಮಾನ ನೆಲದ ಗುಂಡಿಗೆ ಬಿತ್ತು. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ವಿಭಜನೆಗೆ ಮುಂಚೆ ಅದೇ ಸೇನೆಯಲ್ಲಿದ್ದು ತಂದೆ ಕಾರ್ಯಪ್ಪನವರನ್ನು ಬಲ್ಲವರು. ಮಗನ ವಿಷಯದಲ್ಲಿ ವಿಶೇಷ ಕಾಳಜಿ ತೋರಿಸಲು ಅವರು ಮುಂದಾದಾಗ, ಸೆರೆಯಲ್ಲಿರುವ ಎಲ್ಲ ಸೈನಿಕರೂ ತನ್ನ ಮಕ್ಕಳೇ ಎಂದು ಹೇಳಿ ತಂದೆ ಅದನ್ನು ನಿರಾಕರಿಸಿದ ಪ್ರಸಂಗ ಕೊಡಗಿನಲ್ಲಿ ಮನೆಮಾತು. ಮಗ ಮರುವರ್ಷ ಬಿಡುಗಡೆಯಾಗಿ ಬಂದು ಮುಂದೆ ಏರ್ ಮಾರ್ಷಲ್ ಹುದ್ದೆಗೇರಿದರು.

ಸೆರೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಹೇಳುತ್ತೇನೆ. ದೇವಯ್ಯನವರಿಂದ ಏಟು ತಿಂದು ಬದುಕುಳಿದ ಅಮ್ಜದ್ ಹುಸೇನ್, 1971ರ ಯುದ್ಧದಲ್ಲಿ ಮತ್ತೆ ಸ್ಟಾರ್‌ಫೈಟರ್ ಹಾರಿಸಿಕೊಂಡು ಅಮೃತಸರದ ಮೇಲೆ ಬಂದು, ನೆಲದ ಗುಂಡಿಗೆ ವಿಮಾನ ಕಳೆದುಕೊಂಡು ಭಾರತದ ಸೆರೆಯಾಳಾದರು. ಆರು ವರ್ಷಗಳ ಹಿಂದಿನ ಆ ಬೆಳಗಿನ ಕಥೆ ಬಲ್ಲ ವ್ಯಕ್ತಿ ನಮ್ಮ ಕೈಯಲ್ಲೇ ಇದ್ದರು. ಕೇಳಬೇಕಾದ ಪ್ರಶ್ನೆ ಏನೆಂಬುದು ಆಗಿನ್ನೂ ನಮಗೆ ಗೊತ್ತಿರಲಿಲ್ಲ.

ಪ್ರಶ್ನೆ: ದೇವಯ್ಯನವರ ಪಾರ್ಥಿವ ಶರೀರ ಊರಿಗೆ ಬಂತೇ? ಅವರ ನೆನಪಿಗೆ ನಮ್ಮ ಕಡೆಯಿಂದ ಹೋಗಿ ನೋಡಬಹುದಾದ ಏನಾದರೂ ಇದೆಯೇ? (ಓದುಗರು, ಪುತ್ತೂರು)

ಉತ್ತರ: ಬರಲಿಲ್ಲ, ಅವರು ಪಾಕಿಸ್ತಾನದ ನೆಲದಲ್ಲೇ ಉಳಿದರು. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. ಪುತ್ತೂರಿನಿಂದ ಸುಳ್ಯ, ಸಂಪಾಜೆ ಮಾರ್ಗವಾಗಿ ಘಾಟಿ ಏರಿದರೆ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದು. ಮಳೆಗಾಲದಲ್ಲಿ ಮಾತ್ರ ರಸ್ತೆಯ ಸ್ಥಿತಿ ವಿಚಾರಿಸಿಕೊಂಡು ಹೊರಡಿ. ದೆಹಲಿಗೆ ಹೋಗುವವರು 2019ರಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳಲ್ಲಿ 1965ರಲ್ಲಿ ಮಡಿದವರ ಹೆಸರುಗಳನ್ನು ನೋಡಬಹುದು.